ಹೊಸ ಕಟ್ಟಡ, ಹಳೇ ರಸ್ತೆ: ಶುಲ್ಕದ ಲೆಕ್ಕ ಹೇಗೆ?

ಪ್ರಶ್ನೆ: ತುಮಕೂರಿನ ಬಟವಾಡಿ ಹತ್ತಿರ ನಾವು ಮೂವರು ಸೇರಿ 40 ಮನೆಗಳ ಅಪಾರ್ಟ್‌ಮೆಂಟ್ ಕಟ್ಟಬೇಕೆಂದಿದ್ದೇವೆ. ಪ್ಲಾನ್ ಪಾಸಾಗಲು ಕಟ್ಟಬೇಕಾದ ಹಣದಲ್ಲಿ ರಸ್ತೆಯ ಬಾಬ್ತೂ ಇದೆ. ನಮ್ಮಿಂದ ಇಷ್ಟು ಟ್ರಾಫಿಕ್ ಆಗುತ್ತದೆ ಎಂದು ಅಳೆದವರು ಯಾರು? ಬೇರೆ ದೇಶಗಳಲ್ಲಿ ಅಳೆದೇ ತೆಗೆದುಕೊಳ್ಳುತ್ತಾರಂತೆ, ಹೌದೆ?

ಉತ್ತರ: ನಮ್ಮಲ್ಲಿ ಟ್ರಾಫಿಕ್ ಅಳೆಯುವುದಿಲ್ಲ, ಆಸ್ತಿಯ ಬೆಲೆ ನೋಡುತ್ತಾರೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 18-ಎ ಪ್ರಕರಣದಲ್ಲಿ ನೀರು ಸರಬರಾಜು, ವರ್ತುಲ ರಸ್ತೆ, ಕೊಳೆಗೇರಿ ಸುಧಾರಣೆ, ಸಮೂಹ ಸಾರಿಗೆ ಎಂಬ ಬಾಬ್ತುಗಳಿಗೆ ಸೆಸ್ ಮತ್ತು ಸರ್‌ಚಾರ್ಜ್ ಹಾಕಲು ಅವಕಾಶವಿದೆ. ಅದು ಮಾರುಕಟ್ಟೆ ಬೆಲೆಯ ಮೇಲಿನ ಲೆಕ್ಕ. ಹೀಗಾಗಿ ಒಂದೇ ಬೆಲೆಯ ಗೋದಾಮಿಗೂ ನರ್ಸಿಂಗ್ ಹೋಮಿಗೂ ಹೆಚ್ಚುಕಡಿಮೆ ಒಂದೇ ಮೊತ್ತ ಬೀಳಬಹುದು. ಗೋದಾಮಿಗೆ ದಿನಕ್ಕೆ ನಾಲ್ಕು ಲಾರಿ ಬಂದರೆ ಹೆಚ್ಚು. ನರ್ಸಿಂಗ್ ಹೋಮಿನ ಮುಂದೆ ಬೆಳಗಿನಿಂದಲೇ ಆಟೊ ಸಾಲು.

ಅಮೆರಿಕದ ಅನೇಕ ಊರುಗಳು ಟ್ರಿಪ್ ಲೆಕ್ಕ ಹಿಡಿಯುತ್ತವೆ: ಒಳಗೆ ಬಂದರೆ ಒಂದು ಟ್ರಿಪ್, ಹೊರಗೆ ಹೋದರೆ ಇನ್ನೊಂದು. ಅಲ್ಲಿನ ಸಾರಿಗೆ ಎಂಜಿನಿಯರುಗಳ ಸಂಸ್ಥೆಯ ಕೈಪಿಡಿಯ 11ನೇ ಆವೃತ್ತಿಯ ಪ್ರಕಾರ ಸಂಜೆಯ ದಟ್ಟಣೆಯ ಒಂದು ಗಂಟೆಯಲ್ಲಿ ಒಂಟಿ ಮನೆಗೆ 0.94 ಟ್ರಿಪ್, ಕಡಿಮೆ ಮಹಡಿಗಳ ಅಪಾರ್ಟ್‌ಮೆಂಟಿನ ಮನೆಗೆ 0.51. ಆ ಅಂಕಿಯನ್ನು ಹಾಗೆಯೇ ತುಮಕೂರಿಗೆ ತಂದರೆ ಕೆಟ್ಟಿತು. ಅಲ್ಲಿ ಟ್ರಿಪ್ ಎಂದರೆ ಬಹುಮಟ್ಟಿಗೆ ಕಾರು. ಇಲ್ಲಿ ಬೈಕು, ಆಟೊ, ಸಿಟಿ ಬಸ್ಸು, ನಡಿಗೆ ಎಲ್ಲವೂ ಇವೆ. ನಿಮ್ಮದರಂಥದೇ ಹಳೇ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಒಬ್ಬರನ್ನು ಕೂರಿಸಿ, ಮಂಗಳವಾರದಿಂದ ಗುರುವಾರದವರೆಗೆ ಸಂಜೆ 5ರಿಂದ 8ರ ತನಕ, ಒಳಗೆ ಬಂದದ್ದು ಹೊರಗೆ ಹೋದದ್ದು ಬೇರೆ ಬೇರೆಯಾಗಿ, 15 ನಿಮಿಷಕ್ಕೊಂದು ಸಾಲಿನಂತೆ ಗೀಟು ಹಾಕಿಸಿ. ಒಟ್ಟು ಹೆಚ್ಚು ಬರುವ, ಒಂದರ ಹಿಂದೊಂದು ಬರುವ ನಾಲ್ಕು ಸಾಲುಗಳೇ ನಿಮ್ಮ ದಟ್ಟಣೆಯ ಗಂಟೆ. ಶಾಲೆ ರಜೆಯಲ್ಲಿ, ಶಿವರಾತ್ರಿ ಹೊತ್ತಿನ ಸಿದ್ಧಗಂಗಾ ಜಾತ್ರೆಯಲ್ಲಿ ಎಣಿಸಬೇಡಿ.

ಆಮೇಲೆ ಎಲ್ಲವನ್ನೂ ಕಾರಿನ ಲೆಕ್ಕಕ್ಕೆ, ಅಂದರೆ ಪಿಸಿಯುಗೆ ಇಳಿಸಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಐಆರ್‌ಸಿ 106-1990ರಲ್ಲಿ ಕಾರು 1. ದ್ವಿಚಕ್ರ ವಾಹನಗಳ ಪಾಲು ಶೇ. 10 ಮುಟ್ಟಿದ ರಸ್ತೆಯಲ್ಲಿ ಬೈಕು 0.75. ಎರಡು ಪಥದ ಮುಖ್ಯರಸ್ತೆ ಗಂಟೆಗೆ 1,500 ಪಿಸಿಯು ತಾಳುತ್ತದೆ, ವಿಭಜಕವಿರುವ ನಾಲ್ಕು ಪಥದ್ದು 3,600. ಇದು ಪಕ್ಕದಲ್ಲಿ ಗಾಡಿ ನಿಲ್ಲದ ರಸ್ತೆಯ ಮಾತು. ಅಂಥ ರಸ್ತೆ ನಮ್ಮೂರಲ್ಲಿ ಎಲ್ಲಿದೆಯೋ ನೀವೇ ಹುಡುಕಿ.

ಲೆಕ್ಕಕ್ಕೆಂದೇ ಕಲ್ಪಿಸಿದ ಅಂಕಿಗಳಿವು. 2 ಕಿ.ಮೀ. ರಸ್ತೆಯನ್ನು ಎರಡರಿಂದ ನಾಲ್ಕು ಪಥ ಮಾಡಲು 16.8 ಕೋಟಿ ರೂಪಾಯಿ. ಹೆಚ್ಚುವ ಸಾಮರ್ಥ್ಯ 2,100; ಎರಡು ಕಿ.ಮೀ.ಗೆ ಗುಣಿಸಿದರೆ 4,200 ಪಿಸಿಯು-ಕಿ.ಮೀ. ಒಂದು ಪಿಸಿಯು-ಕಿ.ಮೀ.ಗೆ 40,000 ರೂ. ನಿಮ್ಮ 40 ಮನೆಗಳಿಂದ ದಟ್ಟಣೆಯ ಗಂಟೆಗೆ 10 ಕಾರು, 10 ಬೈಕು ಎಂದಾದರೆ 17.5 ಪಿಸಿಯು. ಸರಾಸರಿ ಓಡಾಟ 3 ಕಿ.ಮೀ. ಅದರಲ್ಲಿ ಅರ್ಧ ಮಾತ್ರ ನಿಮ್ಮದು, ಉಳಿದರ್ಧ ತಲುಪುವ ಕಚೇರಿ ಅಂಗಡಿಗಳ ಲೆಕ್ಕಕ್ಕೆ. ಇಲ್ಲದಿದ್ದರೆ ಒಂದೇ ಟ್ರಿಪ್ಪಿಗೆ ಎರಡೂ ಕಡೆಯಿಂದ ವಸೂಲಿಯಾಗುತ್ತದೆ. ಉಳಿಯುವುದು 26.25 ಪಿಸಿಯು-ಕಿ.ಮೀ., ಅಂದರೆ 10.5 ಲಕ್ಷ ರೂ. ರಸ್ತೆ ಖರ್ಚಿನ ಶೇ. 40 ಸರ್ಕಾರಿ ಅನುದಾನದಿಂದ ಬಂದರೆ ಅಷ್ಟನ್ನೂ ಕಳೆಯಬೇಕು: 6.3 ಲಕ್ಷ, ಮನೆಯೊಂದಕ್ಕೆ 15,750.

ಇಂಥ ಶುಲ್ಕದ ಲೆಕ್ಕಗಳಲ್ಲಿ ತಪ್ಪು ನುಸುಳುವುದು ಹಳೇ ಕೊರತೆಯ ಜಾಗದಲ್ಲಿ. ರಸ್ತೆಯಲ್ಲಿ ಈಗಲೇ 1,900 ಪಿಸಿಯು ಓಡುತ್ತಿದ್ದರೆ, ಅದು ತಾಳುವ 1,500ರ ಮೇಲಿನ 400 ಹಳೇ ಸಾಲ. ಅದರ ಪಾಲು 3.2 ಕೋಟಿಯನ್ನು ಊರೇ ಹೊರಬೇಕು, ನಾಳೆ ಬರುವವರ ತಲೆಗೆ ಕಟ್ಟುವಂತಿಲ್ಲ.

ಕ್ಯಾಲಿಫೋರ್ನಿಯಾದ ಎಲ್ ಡೊರಾಡೊ ಕೌಂಟಿಯಲ್ಲಿ ಒಂದು ಸಣ್ಣ ಮನೆಗೆ 23,420 ಡಾಲರ್ ಸಂಚಾರ ಶುಲ್ಕ ಕೇಳಿದ್ದು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ದರಪಟ್ಟಿ ಶಾಸನದ ಮೂಲಕ ಬಂದಿದೆ ಎಂಬ ಕಾರಣಕ್ಕೆ ಶುಲ್ಕಕ್ಕೂ ಕಟ್ಟಡದಿಂದಾಗುವ ಹೊರೆಗೂ ಹೊಂದಿಕೆ ಇದೆಯೇ ಎಂಬ ಪರೀಕ್ಷೆಯಿಂದ ವಿನಾಯಿತಿ ಸಿಗದು ಎಂದು ಏಪ್ರಿಲ್ 2024ರಲ್ಲಿ ಒಮ್ಮತದ ತೀರ್ಪು ಬಂತು. ಆ ಶುಲ್ಕ ಸರಿಯೋ ತಪ್ಪೋ ಎಂಬುದನ್ನು ಕೆಳಗಿನ ಕೋರ್ಟಿಗೆ ಬಿಟ್ಟರು.

ಪ್ರಶ್ನೆ: ಬಿ.ಎಚ್. ರಸ್ತೆಯಲ್ಲಿ ದರ್ಶಿನಿ ಹಾಕಿದರೆ ಈ ಲೆಕ್ಕದಲ್ಲಿ ಮನೆಗಿಂತ ಎಷ್ಟೋ ಪಟ್ಟು ಬೀಳುತ್ತದಲ್ಲ?

ಉತ್ತರ: ಬೀಳುತ್ತದೆ, ಆದರೆ ಗಿರಾಕಿಗಳನ್ನೆಲ್ಲ ಎಣಿಸಬಾರದು. ಗುಬ್ಬಿ ಗೇಟಿನ ಕಡೆ ಹೊರಟವರು ದಾರಿಯಲ್ಲಿ ನಿಂತು ಕಾಫಿ ಕುಡಿದರೆ ಆ ಗಾಡಿ ಹೇಗೂ ರಸ್ತೆಯಲ್ಲಿತ್ತು. ನೂರರಲ್ಲಿ ನಲವತ್ತು ಹೀಗಾದರೆ ಅರುವತ್ತಕ್ಕೆ ಮಾತ್ರ ಲೆಕ್ಕ. ಅದನ್ನು ತಿಳಿಯಲು ಬಂದವರನ್ನು "ಇಲ್ಲಿಗೆಂದೇ ಬಂದಿರೋ, ಹೋಗ್ತಾ ನಿಂತಿರೋ?" ಎಂದು ಕೇಳಿಸಿದರೆ ಸಾಕು.

ಪ್ರಶ್ನೆ: ಕಟ್ಟಿದ ಹಣ ಯಾವ ರಸ್ತೆಗೆ ಹೋಯಿತೆಂದು ತಿಳಿಯುವುದು ಹೇಗೆ?

ಉತ್ತರ: ಮೊದಲು ಬೇಡಿಕೆ ಪತ್ರದಲ್ಲಿ ಬಾಬ್ತುಗಳನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ; ಒಟ್ಟು ಮೊತ್ತದ ರಸೀದಿ ಹಿಡಿದು ಏನೂ ಕೇಳಲಾಗದು. ಆಮೇಲೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ. ಕರ್ನಾಟಕದ ನಿಯಮದಲ್ಲಿ ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಆದ್ದರಿಂದ "ರಸ್ತೆಗೆ ಏನು ಮಾಡಿದಿರಿ" ಎನ್ನಬೇಡಿ. ಇಂಥ ಆರ್ಥಿಕ ವರ್ಷದಲ್ಲಿ ವರ್ತುಲ ರಸ್ತೆ ಸರ್‌ಚಾರ್ಜ್ ಬಾಬ್ತಿನಲ್ಲಿ ಬಂದ ಮೊತ್ತ, ಖರ್ಚಾದ ಮೊತ್ತ, ಕಾಮಗಾರಿಯ ಹೆಸರು, ಉಳಿಕೆ ಇರುವ ಖಾತೆ ಎಂದು ಕೇಳಿ. ಉತ್ತರಕ್ಕೆ 30 ದಿನ.