ಮೇಲ್ ಇನ್‌ಬಾಕ್ಸ್‌ಗೆ ಬಂದಿದೆ ಎಂದರೆ ಅದರೊಳಗಿನ ಲಿಂಕ್ ಒತ್ತಬಹುದೇ?

ಮೋಸದ ಲಿಂಕ್‌ಗಳನ್ನು ಜಿಮೇಲ್ ತಾನೇ ತಡೆಯುವುದಿಲ್ಲವೇ ಎಂದು ಕೇಳಿದ್ದೀರಿ. ಬಹುಪಾಲು ತಡೆಯುತ್ತದೆ. ಆದರೂ ಆ ಧೈರ್ಯದ ಮೇಲೆ ಒತ್ತಬೇಡಿ.

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿಯಲ್ಲಿರುವ ನನ್ನ ಚಿಕ್ಕಪ್ಪನಿಗೆ ಬ್ಯಾಂಕಿನ ಹೆಸರಿನಲ್ಲಿ ಮೇಲ್ ಬಂತು. ರಾತ್ರಿಯೊಳಗೆ ಕೆವೈಸಿ ಆಗದಿದ್ದರೆ ಖಾತೆ ಸ್ಥಗಿತ ಎಂದಿತ್ತು. ಅಡಿಕೆ ಮಾರಿದ ಹಣವೆಲ್ಲ ಅದೇ ಖಾತೆಯಲ್ಲಿ. ಒತ್ತುವ ಮೊದಲು ನನಗೆ ಫೋನು ಮಾಡಿದ್ದು ಪುಣ್ಯ. ನೀಲಿ ಅಕ್ಷರಗಳಲ್ಲಿ ಬ್ಯಾಂಕಿನ ವಿಳಾಸವೇ ಇತ್ತು. ಅದರ ಮೇಲೆ ಬೆರಳನ್ನು ಒತ್ತಿ ಹಿಡಿದಾಗ ಒಳಗಿನ ವಿಳಾಸ ಕಾಣಿಸಿತು: ಮೊದಲಿಗೆ ಬ್ಯಾಂಕಿನ ಹೆಸರು, ಕೊನೆಗೆ ಕೇಳರಿಯದ ಯಾವುದೋ ‘ಡಾಟ್ ಟಾಪ್’.

ಅಡಿಕೆ ಮಂಡಿಯಲ್ಲಿ ‘ಸರಕು’ (ಮೇಲ್ದರ್ಜೆಯ ಅಡಿಕೆ) ಎಂದು ಬರೆದ ಚೀಲವನ್ನೂ ಬಿಚ್ಚಿ ನೋಡದೆ ಯಾರೂ ದರ ಹೇಳುವುದಿಲ್ಲ. ಒಳಗೆ ಕೆಳದರ್ಜೆಯ ಗೊರಬಲು ಇರಬಹುದು. ಮೇಲ್ ಓದುವ ತಂತ್ರಾಂಶವಾದ ಥಂಡರ್‌ಬರ್ಡ್ ಇದೇ ಕೆಲಸ ಮಾಡುತ್ತದೆ. ತೋರುವ ವಿಳಾಸ ಒಂದು, ಕರೆದೊಯ್ಯುವ ವಿಳಾಸ ಇನ್ನೊಂದಾದರೆ, ಇಲ್ಲವೇ ಹೆಸರಿನ ಜಾಗದಲ್ಲಿ ಬರೀ ಅಂಕಿಗಳಿದ್ದರೆ ಎಚ್ಚರಿಸುತ್ತದೆ. ಜಿಮೇಲ್ ಲಿಂಕನ್ನು ಈಗಾಗಲೇ ಸಿಕ್ಕಿಬಿದ್ದ ಮೋಸದ ತಾಣಗಳ ಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ಮೈಕ್ರೋಸಾಫ್ಟ್‌ನ ಸೇಫ್ ಲಿಂಕ್ಸ್ ನೀವು ಒತ್ತಿದ ಕ್ಷಣದಲ್ಲೇ ಮತ್ತೊಮ್ಮೆ ತಪಾಸಣೆ ಮಾಡುತ್ತದೆ. ಇದು ನನಗೆ ಬಹಳ ಮುಖ್ಯವೆನಿಸುತ್ತದೆ. ಬೆಳಗ್ಗೆ ಮೇಲ್ ತಲುಪುವಾಗ ಖಾಲಿಯಿದ್ದ ಪುಟ ಮಧ್ಯಾಹ್ನದ ಹೊತ್ತಿಗೆ ನಕಲಿ ಲಾಗಿನ್ ಪುಟವಾಗಿರಬಹುದು.

ತೊಡಕು ಇರುವುದು ಬೇರೆ ಕಡೆ. ಮೇಲ್ ಬಂದಾಗ ನಡೆಯುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಪರೀಕ್ಷೆಗಳು ಹೇಳುವುದು, ಮೇಲ್ ತಾನು ಹೇಳಿಕೊಂಡ ಡೊಮೇನ್‌ನಿಂದಲೇ (ಅಂದರೆ ತಾಣದ ಹೆಸರಿನಿಂದಲೇ) ಬಂದಿದೆಯೇ ಎಂಬುದನ್ನು ಮಾತ್ರ. ವಂಚಕ ತನ್ನದೇ ಡೊಮೇನ್ ಕೊಂಡು ಕಳುಹಿಸಿದರೆ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತಾನೆ. ಹೊಸದಾಗಿ ಹುಟ್ಟಿದ ತಾಣ ಪಟ್ಟಿಗೆ ಸೇರುವವರೆಗೆ ಅವನಿಗೆ ಬಿಡುವು ಸಿಗುತ್ತದೆ. ಚಿಕ್ಕಪ್ಪನಿಗೆ ಮೇಲ್ ತಲುಪಿದ್ದು ಇಂಥ ಸಂದಿಯಲ್ಲೇ ಇರಬೇಕು.

ಹಾಗಾಗಿ ವಿಳಾಸದಲ್ಲಿನ ತಾಣದ ಹೆಸರನ್ನು ಕೊನೆಯಿಂದ ಓದಿ. ಆ ಹೆಸರು ಮುಗಿದು ಒಂಟಿ ಓರೆಗೆರೆ (/) ಬರುತ್ತದಲ್ಲ, ಅದಕ್ಕೆ ಮುಂಚಿನ ತುಣುಕೇ ಯಜಮಾನ ಯಾರೆಂದು ಹೇಳುತ್ತದೆ. ಭಾರತದ ಬ್ಯಾಂಕ್‌ಗಳು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಆ ಅಕ್ಷರಗಳು ನಡುವೆ ಇದ್ದರೆ ಸಾಲದು, ತಾಣದ ಹೆಸರಿನ ಕೊನೆಯಲ್ಲೇ ಇರಬೇಕು.

ಈಗಾಗಲೇ ಒತ್ತಿ ಹಣ ಹೋಗಿದ್ದರೆ ಒಂದು ನಿಮಿಷವೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಒತ್ತಿಲ್ಲವಾದರೆ, ಅಳಿಸುವ ಮುಂಚೆ ಜಿಮೇಲ್‌ನ ಮೂರು ಚುಕ್ಕಿಗಳ ಪಟ್ಟಿಯಲ್ಲಿ ಅದನ್ನು ಫಿಶಿಂಗ್ (ನಕಲಿ ಮೇಲ್‌ನ ಗಾಳ) ಎಂದು ವರದಿ ಮಾಡಿ. ಚಿಕ್ಕಪ್ಪನ ಕೈಯಿಂದಲೂ ಅಂದು ಅದನ್ನೇ ಮಾಡಿಸಿದೆ.