ತಿಪಟೂರಿನ ಕೊಬ್ಬರಿ ಇಂಗ್ಲಿಷಿನದ್ದಲ್ಲ
ತಿಪಟೂರಿನ ಮಂಡಿಯಲ್ಲಿ ‘ಕೋಪ್ರಾ’ ಅಂತ ಬೋರ್ಡು ನೋಡಿ, ನಮ್ಮ ಕೊಬ್ಬರಿ ಇಂಗ್ಲಿಷಿನಿಂದ ಬಂದಿದ್ದಾ ಅಂತ ಕೇಳಿದ್ದೀರಿ. ಇಲ್ಲ ಸಾರ್, ಉಲ್ಟಾ. ಕೇರಳದ ಕರಾವಳಿಗೆ ಬಂದ ಪೋರ್ಚುಗೀಸರು ಮಲಯಾಳದ ‘ಕೊಪ್ಪರ’ವನ್ನು ಎತ್ತಿಕೊಂಡರು, ಅವರಿಂದ ಅದು ಇಂಗ್ಲಿಷಿಗೆ ಹೋಯಿತು, ನಮ್ಮ ಕೊಬ್ಬರಿ ಅದರ ದಾಯಾದಿ. ನಾರಿಗೆ ಹೇಳುವ ಕಾಯರ್ ಕೂಡ ಮಲಯಾಳದ್ದೇ, ಅಲ್ಲಿ ‘ಕಯರ್’ ಅಂದರೆ ಹಗ್ಗ.

ಕೋಕೋನಟ್ ಬೇರೆ ಕಥೆ, ನನಗೆ ಜಾಸ್ತಿ ಇಷ್ಟವಾದದ್ದೂ ಅದೇ. ಸುಲಿದ ಕಾಯಿಯ ಮೂರು ಕಣ್ಣು ನೋಡಿ ಪೋರ್ಚುಗೀಸರಿಗೆ ಹಲ್ಲು ಕಿರಿಯುವ ಗುಮ್ಮನ ಮುಖ ನೆನಪಾಯಿತಂತೆ, ಆ ಗುಮ್ಮನಿಗೆ ಅವರು ‘ಕೋಕೋ’ ಅನ್ನುತ್ತಿದ್ದರು. ದೇವರ ಮುಂದೆ ಒಡೆಯುವ ಕಾಯಿಗೆ ಗುಮ್ಮನ ಹೆಸರು, ನೋಡಿ!

ಇಂಥವು ಇನ್ನೂ ಬೇಕಿದ್ದರೆ 1886ರ ಹಾಬ್ಸನ್-ಜಾಬ್ಸನ್ ನಿಘಂಟು ತಿರುವಿ ಹಾಕಿ. ಕನ್ನಡದ ಪದಗಳಿಗೆ 1894ರ ಕಿಟೆಲ್ ನಿಘಂಟು ಇದ್ದೇ ಇದೆ.