ಅಪ್ಪನ ಡಿಸ್ಚಾರ್ಜ್ ಬುಕ್ಕಲ್ಲಿ 71ರ ಮೆಡಲ್ಲೇ ಇಲ್ಲ!

ಈ ಸಲ ಬಂದ ಪತ್ರಗಳಲ್ಲಿ ಮೂರು ಹೆಚ್ಚುಕಮ್ಮಿ ಒಂದೇ ವಿಷಯದ್ದು. ಮಿಲಿಟ್ರಿ ಸರ್ವೀಸಲ್ಲಿ ಸಿಕ್ಕ, ಇಲ್ಲಾ ಸಿಗಬೇಕಿದ್ದ ಮೆಡಲ್ ಕಾಗದದಲ್ಲಿ ಇಲ್ಲ ಅಂತ. ಅದಕ್ಕೇ ಪೆನ್ಷನ್ ಪ್ರಶ್ನೆಗಳನ್ನ ಮುಂದಿನ ಸಲಕ್ಕೆ ಇಟ್ಟು ಇವನ್ನೇ ತಗೊಂಡಿದೀನಿ.

ಪ್ರಶ್ನೆ: ಸರ್, ನಮಸ್ಕಾರ. ನಮ್ದು ಹಾವೇರಿ ಜಿಲ್ಲಾ, ಹೆಸರು ಹಾಕಬ್ಯಾಡ್ರಿ. ನಮ್ಮಪ್ಪ 1958ರಾಗ ಮಿಲಿಟ್ರಿಗೆ ಭರ್ತಿ ಆಗಿ 1973ರ ಮಾರ್ಚ್‌ನ್ಯಾಗ ಹವಾಲ್ದಾರ್ ಆಗಿ ಪೆನ್ಷನ್ ಬಂದಿದ್ರು, 2019ರಾಗ ತೀರ್ಕೊಂಡ್ರು, ಅವ್ವಗ ಫ್ಯಾಮಿಲಿ ಪೆನ್ಷನ್ ಬರ್ತೈತಿ. ಮೊನ್ನೆ ಟ್ರಂಕ್ ತಗದಾಗ ಡಿಸ್ಚಾರ್ಜ್ ಬುಕ್ ಸಿಕ್ತು, ಅದ್ರಾಗ ಸೈನ್ಯ ಸೇವಾ ಮೆಡಲ್, 65ರ ರಕ್ಷಾ ಮೆಡಲ್ ಎರಡೇ ಅದಾವು. 71ರ ಯುದ್ಧಕ್ಕ ಬಾಂಗ್ಲಾ ಕಡೆ ಹೋಗಿದ್ದು ಊರಿಗೇ ಗೊತ್ತೈತಿ, ಅವಾಗ ಬರದ ಇನ್‌ಲ್ಯಾಂಡ್ ಲೆಟರ್ ಅವ್ವ ಇನ್ನೂ ಇಟ್ಕೊಂಡಾಳ. ಒಂದು ಆಫೀಸಿಗೆ ಹೋಗಿ ಕೇಳಿದ್ರ ಬುಕ್‌ನ್ಯಾಗ ಇಲ್ಲಂದ್ರ ಇಲ್ಲ ಅಂತ ಹೇಳಿ ಕಳಿಸಿಬಿಟ್ರು. ಏಜೆಂಟ್ ಒಬ್ಬ ಐದು ಸಾವಿರ ಕೊಡ್ರಿ ಬುಕ್‌ನ್ಯಾಗ ಬರಿಸಿ ಕೊಡ್ತೀನಿ ಅಂತಾನ. ಮತ್ತ ಅಪ್ಪನ ಹೆಸರು ವೀರ ಚಕ್ರಕ್ಕ ಬರದಿದ್ರು ಅಂತ ಅಪ್ಪನೇ ಹೇಳ್ತಿದ್ದ, ಅದೂ ಸಿಗ್ತೈತೇನ್ರಿ?

ಉತ್ತರ: ಮೊದ್ಲು ಆ ಏಜೆಂಟಿಗೆ ನಮಸ್ಕಾರ ಹೇಳಿ ಕಳ್ಸಮ್ಮಾ. ಡಿಸ್ಚಾರ್ಜ್ ಬುಕ್ಕಲ್ಲಿ ಹೊಸ ಶಾಯಿಲಿ ಒಂದು ಸಾಲು ಸೇರಿಸಿದ್ರೆ ಅದು ತಿದ್ದುಪಡಿ ಅಲ್ಲ, ಫೋರ್ಜರಿ. ಇವತ್ತು ಯಾರೂ ನೋಡ್ದೇ ಇರಬಹುದು, ನಾಳೆ ಅಮ್ಮನ ಪೆನ್ಷನ್‌ಗೋ ಇನ್ಯಾವುದಕ್ಕೋ ಅದೇ ಬುಕ್ ಮೇಜಿನ ಮೇಲೆ ಬಂದಾಗ ಸರಿ ಇರೋ ಪುಟಗಳ ಮೇಲೂ ಅನುಮಾನ ಬರುತ್ತೆ.

ಈಗ ವಿಷಯಕ್ಕೆ ಬರ್ತೀನಿ. ನಾನು ಬಹಳ ವರ್ಷ ಕ್ಲರ್ಕ್ ಆಗಿ ಇದೇ ಕಾಗದಗಳ ಮಧ್ಯೆ ಕೂತವನು, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ. ಡಿಸ್ಚಾರ್ಜ್ ಬುಕ್ ಅಂದ್ರೆ ಮನೆಗೆ ಹೋಗೋ ಟೈಮಲ್ಲಿ ಕ್ಲರ್ಕ್ ಕಾಪಿ ಮಾಡಿ ಕೊಟ್ಟ ಪುಸ್ತಕ ಅಷ್ಟೇ. ಅಸಲಿ ದಾಖಲೆ ಶೀಟ್ ರೋಲ್, ಅದು ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಲ್ಲಿ ಇರುತ್ತೆ. ಜವಾನನ ಪ್ರಮೋಷನ್, ಮದುವೆ, ಮಗು ಹುಟ್ಟಿದ್ದು, ಕೋರ್ಸ್, ಮೆಡಲ್, ಏನೇ ಆಗ್ಲಿ ಯೂನಿಟ್‌ನೋರು ಪಾರ್ಟ್ ಟೂ ಆರ್ಡರ್ ಅಂತ ಹೊರಡಿಸ್ತಾರೆ, ಅದರ ಕಾಪಿ ರೆಕಾರ್ಡ್ಸ್‌ಗೆ ಹೋಗುತ್ತೆ, ಅಲ್ಲಿ ಅದನ್ನ ನೋಡಿ ಶೀಟ್ ರೋಲಲ್ಲಿ ಬರೀತಾರೆ. ಆರ್ಡರ್ ಬಂದಿಲ್ಲ ಅಂದ್ರೆ ಎಂಟ್ರಿ ಇಲ್ಲ, ನೀವು ಯುದ್ಧಭೂಮಿಯಲ್ಲೇ ನಿಂತಿದ್ರೂ ಅಷ್ಟೇ.

ಇದರ ಜೊತೆ ಇನ್ನೊಂದಿದೆ. ಯುದ್ಧದ ಮೆಡಲ್ ಯುದ್ಧ ನಡೀವಾಗ ಕೊಡೋದಲ್ಲ. ಎಲ್ಲಾ ಮುಗಿದ ಮೇಲೆ ಸರ್ಕಾರ ಈ ಹೆಸರಿನ ಮೆಡಲ್, ಇಷ್ಟು ತಾರೀಖಿಂದ ಇಷ್ಟು ತಾರೀಖು ಇಂಥಾ ಜಾಗದಲ್ಲಿ ಇದ್ದೋರಿಗೆ ಅಂತ ಹೇಳುತ್ತೆ, ಆಮೇಲೆ ಯೂನಿಟ್ ಲಿಸ್ಟ್ ಮಾಡ್ಬೇಕು, ಅದು ಮೇಲೆ ಹೋಗಿ ವಾಪಸ್ ಬರ್ಬೇಕು, ಅಷ್ಟೊತ್ತಿಗೆ ಎಷ್ಟೋ ಜನ ಪೋಸ್ಟಿಂಗ್ ಮೇಲೆ ಬೇರೆ ಕಡೆ, ಎಷ್ಟೋ ಜನ ಊರಲ್ಲಿ ಹೊಲ ಹೂಡ್ತಾ ಇರ್ತಾರೆ. ನಿಮ್ಮಪ್ಪ ಯುದ್ಧ ಮುಗಿದ ಹದಿನೈದೇ ತಿಂಗಳಿಗೆ ಪೆನ್ಷನ್ ಬಂದೋರು. ಅವರ ಬುಕ್ಕಲ್ಲಿ 71ರ ಮೆಡಲ್ ಇಲ್ಲದೇ ಇರೋದ್ರಲ್ಲಿ ನಂಗಂತೂ ಆಶ್ಚರ್ಯ ಇಲ್ಲ. ಬುಕ್ಕಲ್ಲಿಲ್ಲ ಅಂದ್ರೆ ಇಲ್ಲ ಅಂದವರು ಆ ಕೆಲಸ ಗೊತ್ತಿಲ್ಲದೇ ಹೇಳಿರೋದು. ಅಪ್ಪ ಊರಿಗೆ ಬಂದ ಮೇಲೆ ಶೀಟ್ ರೋಲಲ್ಲಿ ಎಂಟ್ರಿ ಆಗಿರಲೂಬಹುದು, ಹಾಗಾಗಿದ್ರೆ ಅರ್ಧ ಕೆಲಸ ಮುಗಿದ ಹಾಗೆ.

71ಕ್ಕೆ ಯಾವ್ಯಾವ ಮೆಡಲ್ ಅಂದ್ರೆ, ಪೂರ್ವದ ರಣರಂಗದಲ್ಲಿ ಡಿಸೆಂಬರ್ 3ರಿಂದ 16ರ ಒಳಗೆ ಇದ್ದೋರಿಗೆ ಪೂರ್ವಿ ಸ್ಟಾರ್, ಪಶ್ಚಿಮದ ಕಡೆ ಇದ್ದೋರಿಗೆ ಪಶ್ಚಿಮಿ ಸ್ಟಾರ್, ಇವೆರಡಕ್ಕಿಂತ ಅಗಲವಾದ ಪ್ರದೇಶಕ್ಕೆ ಸಂಗ್ರಾಮ್ ಮೆಡಲ್. ನೀವು ಕೇಳದೇ ಇರೋದು ಒಂದಿದೆ, 1972ರ ಆಗಸ್ಟ್ 15ಕ್ಕೆ ಸರ್ವೀಸಲ್ಲಿ ಇದ್ದವರಿಗೆಲ್ಲಾ ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್ ಕೊಟ್ರು. ನಿಮ್ಮಪ್ಪ ಆವತ್ತು ಸರ್ವೀಸಲ್ಲೇ ಇದ್ರು. ಅದನ್ನೂ ಪತ್ರದಲ್ಲಿ ಸೇರಿಸಿ.

ಅಮ್ಮನ ಹತ್ರ ಇರೋ ಇನ್‌ಲ್ಯಾಂಡ್ ಲೆಟರ್ ಬಹಳ ಒಳ್ಳೇದು, ಜೋಪಾನ. ಅದರ ಮೇಲೆ ಊರ ಹೆಸರು ಇರಲ್ಲ, ಯೂನಿಟ್ ಹೆಸರಿನ ಕೆಳಗೆ 56 ಎಪಿಓ ಅಥವಾ 99 ಎಪಿಓ ಅಂತ ಇರುತ್ತೆ, ಎಪಿಓ ಅಂದ್ರೆ ಆರ್ಮಿ ಪೋಸ್ಟ್ ಆಫೀಸ್. 99 ಅಂದ್ರೆ ಪೂರ್ವದ ಕಡೆ, 56 ಅಂದ್ರೆ ಪಶ್ಚಿಮ ಮತ್ತೆ ಉತ್ತರ. ಇದು ಸಾಕ್ಷಿಗಿಂತ ಸುಳಿವು ಅನ್ಕೊಳ್ಳಿ, ಆದ್ರೆ ಆ ಟೈಮಲ್ಲಿ ಯಾವ ಬೆಟಾಲಿಯನ್ ಯಾವ ಕಂಪನಿ ಅಂತ ಅದರಿಂದ ಹೇಳಬಹುದು. ಬೆಟಾಲಿಯನ್ ಗೊತ್ತಾದ್ರೆ ಆ ಎರಡು ವಾರ ಅದು ಎಲ್ಲಿತ್ತು ಅಂತ ರೆಕಾರ್ಡ್ಸ್ ಆಫೀಸಿನವರಿಗೇ ಗೊತ್ತಾಗುತ್ತೆ.

ಪತ್ರ ಬರೀಬೇಕಿರೋದು ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ. ನೀವು ರೆಜಿಮೆಂಟ್ ಹೆಸರು ಕೊಟ್ಟಿದ್ದೀರಿ, ಇಲ್ಲಿ ಹಾಕಿಲ್ಲ, ಆದ್ರೆ ಎಲ್ರಿಗೂ ಉಪಯೋಗ ಆಗ್ಲಿ ಅಂತ ಹೇಳ್ತೀನಿ, ಮರಾಠಾದವರದು ಬೆಳಗಾವಿ, ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಬೆಂಗಳೂರು, ಮದ್ರಾಸ್ ರೆಜಿಮೆಂಟ್ ವೆಲ್ಲಿಂಗ್ಟನ್, ಆರ್ಟಿಲರಿ ನಾಸಿಕ್ ರೋಡ್, ಸಿಗ್ನಲ್ಸ್ ಜಬಲ್ಪುರ, ಇಎಂಇ (ಯಂತ್ರ, ವಾಹನ ರಿಪೇರಿಯವರು) ಸಿಕಂದರಾಬಾದ್. ಏರ್‌ಫೋರ್ಸ್ ಜವಾನರದು ದಿಲ್ಲಿಯ ಸುಬ್ರೋತೋ ಪಾರ್ಕ್, ನೇವಿ ಸೇಲರ್‌ಗಳದು ಮುಂಬೈನ ಮಾನ್‌ಖುರ್ದ್. ಸಹಿ ಅಮ್ಮಂದೇ ಇರ್ಲಿ, ನಿಮ್ಮದಲ್ಲ. ಅಲ್ಲಿಯ ದಾಖಲೆಯಲ್ಲಿ ವಾರಸುದಾರರು ಅಂತ ಇರೋದು ಅವರು, ಮಗಳು ಬರೆದ್ರೆ ಮೊದಲ ಉತ್ತರ ನೀವ್ಯಾರು ಅಂತಲೇ ಬರುತ್ತೆ, ಅದಕ್ಕೆ ಎರಡು ತಿಂಗಳು ದಂಡ. ಆರ್ಮಿ ನಂಬರ್, ರ‍್ಯಾಂಕ್, ಹೆಸರು, ಭರ್ತಿ ಮತ್ತೆ ಡಿಸ್ಚಾರ್ಜ್ ತಾರೀಖು, ಪಿಪಿಓ (ಪೆನ್ಷನ್ ಆರ್ಡರ್) ನಂಬರ್ ಇವು ಮೇಲೇ ಇರ್ಲಿ. ಹೆಸರಿಗಿಂತ ನಂಬರ್ ಮುಖ್ಯ, ಒಂದೇ ಹೆಸರಿನ ಬಸಪ್ಪಂದಿರು ಒಂದೇ ಬೆಟಾಲಿಯನ್ನಲ್ಲಿ ಹತ್ತು ಜನ ಇರ್ತಾರೆ. ಕೇಳೋದನ್ನ ನೇರವಾಗಿ ಕೇಳಿ: ಶೀಟ್ ರೋಲಿನ ಮೆಡಲ್ ಪುಟದ ಕಾಪಿ ಕೊಡಿ, ಅರ್ಹತೆ ಇದ್ದೂ ಎಂಟ್ರಿ ಇಲ್ಲದಿದ್ರೆ ಪಾರ್ಟ್ ಟೂ ಆರ್ಡರ್ ಮಾಡಿ ಸೇರಿಸಿ, ಮೆಡಲ್ ಕಳಿಸಿ. ಮೆಡಲ್ ಕೊಡಿ ಅಂತ ಮಾತ್ರ ಬರೆದ್ರೆ ಎಷ್ಟೋ ಸಲ ಫೈಲ್ ಸ್ಟಾಕ್ ಇಲ್ಲ ಅನ್ನೋ ಕಡೆಗೆ ಹೊರಟುಬಿಡುತ್ತೆ, ಎಂಟ್ರಿ ವಿಷಯ ಅಲ್ಲೇ ಸಾಯುತ್ತೆ. ಎಂಟ್ರಿ ಆದ್ರೆ ಮೆಡಲ್ ಇವತ್ತಲ್ಲ ನಾಳೆ ಬರುತ್ತೆ.

ತಡ ಮಾಡ್ಬೇಡಿ. ಪೆನ್ಷನ್ ಇಲ್ಲದೇ ಬಂದವರ ಶೀಟ್ ರೋಲನ್ನ 25 ವರ್ಷ ಆದ್ಮೇಲೆ ನಾಶ ಮಾಡೋ ನಿಯಮ ಇದೆ, ಆಮೇಲೆ ಲಾಂಗ್ ರೋಲ್ ಅನ್ನೋ ರಿಜಿಸ್ಟರಲ್ಲಿ ಎರಡು ಸಾಲು ಉಳಿದ್ರೆ ಉಳೀತು. ಪೆನ್ಷನ್ ಬಂದವರದು 50 ವರ್ಷ ಇಡ್ತಾರೆ, ನಿಮ್ಮಪ್ಪ ಬಂದು ಅದಕ್ಕಿಂತ ಜಾಸ್ತಿ ಆಗಿದೆ. ಉತ್ತರ ಬರದಿದ್ರೆ ಹತ್ತು ರೂಪಾಯಿ ಫೀಸ್ ಕಟ್ಟಿ ಆರ್‌ಟಿಐ ಹಾಕ್ಸಿ, 30 ದಿನದಲ್ಲಿ ಏನಾದ್ರೂ ಒಂದು ಲಿಖಿತವಾಗಿ ಹೇಳ್ಲೇಬೇಕು. ಜಿಲ್ಲಾ ಸೈನಿಕ್ ಬೋರ್ಡ್ ಮೂಲಕ ಕಳಿಸಿದ್ರೂ ಆಗುತ್ತೆ, ಪತ್ರ ಬರೆಯೋಕೆ ಅಲ್ಲಿ ಸಹಾಯ ಮಾಡ್ತಾರೆ. ಕೊನೆಗೆ ಆಗಲ್ಲ ಅಂತ ಬರೆದು ಕೊಟ್ರೆ ಆರ್ಮ್ಡ್ ಫೋರ್ಸಸ್ ಟ್ರಿಬ್ಯುನಲ್ ಇದೆ, ಆ ಉತ್ತರದ ತಾರೀಖಿಂದ ಆರು ತಿಂಗಳ ಒಳಗೆ ಹೋಗ್ಬೇಕು. ಆದ್ರೆ ಸ್ಟಾರ್‌ಗೋಸ್ಕರ ಅಲ್ಲಿ ತನಕ ಹೋಗೋ ಪರಿಸ್ಥಿತಿ ಕಮ್ಮಿ.

ವೀರ ಚಕ್ರದ ಮಾತು ಬೇರೆ, ಇಲ್ಲಿ ಸ್ವಲ್ಪ ಕಹಿ ಹೇಳ್ಬೇಕು. ಹೆಸರು ಬರೆದಿದ್ರು ಅನ್ನೋದು ಶಿಫಾರಸು. ಎಷ್ಟೋ ಹೆಸರು ಮೇಲೆ ಹೋಗ್ತವೆ, ಕೆಲವೇ ದಾಟ್ತವೆ. ಶೌರ್ಯ ಪ್ರಶಸ್ತಿ ಅಂದ್ರೆ ಭಾರತದ ಗೆಜೆಟ್‌ನಲ್ಲಿ ಬಂದಿರ್ಲೇಬೇಕು, ಗೆಜೆಟ್ ಇಲ್ಲ ಅಂದ್ರೆ ತಿದ್ದೋಕೆ ಏನೂ ಇಲ್ಲ. ಅಪ್ಪ ಸುಳ್ಳು ಹೇಳಿದ್ರು ಅಂತಲ್ಲ, ಅವರ ಕಂಪನಿ ಕಮಾಂಡರ್ ನಿಜವಾಗ್ಲೂ ಬರೆದಿರಬಹುದು. ಗೆಜೆಟ್‌ನಲ್ಲಿ ಇದ್ದೂ ದಾಖಲೆಗೆ ಸೇರಿಲ್ಲ ಅಂದ್ರೆ ಮಾತ್ರ ಬಿಡ್ಬೇಡಿ, ಯಾಕಂದ್ರೆ ಅದರಲ್ಲಿ ದುಡ್ಡಿದೆ. 2017ರ ಆಗಸ್ಟಿಂದ ವೀರ ಚಕ್ರಕ್ಕೆ ತಿಂಗಳಿಗೆ 7,000, ಶೌರ್ಯದ ಸೇನಾ ಮೆಡಲ್‌ಗೆ 2,000 ಭತ್ಯೆ ಇದೆ, ಪತಿ ಹೋದ ಮೇಲೆ ಪತ್ನಿಗೂ ಬರುತ್ತೆ. ಪೂರ್ವಿ ಸ್ಟಾರ್‌ಗೆ ಒಂದು ಪೈಸಾನೂ ಇಲ್ಲ, ಅದನ್ನ ತಿಳ್ಕೊಂಡೇ ಓಡಾಡಿ.

ಪ್ರಶ್ನೆ: ನಾನು ಕಾರ್ಗಿಲ್ ಟೈಮಲ್ಲಿ ದ್ರಾಸ್‌ನಲ್ಲಿ ಇದ್ದೆ ಸರ್. ಬುಕ್ಕಲ್ಲಿ ಆಪ್ ವಿಜಯ್ (ಆಪರೇಷನ್ ವಿಜಯ್) ಮೆಡಲ್ ಅಂತಿದೆ, ಸ್ಟಾರ್ ಅಂತ ಇಲ್ಲ. ಎರಡೂ ಒಂದೇನಾ? — ಮಾಜಿ ನಾಯಕ್, ಹಾಸನ

ಉತ್ತರ: ಒಂದೇ ಅಲ್ಲ ನಾಯಕ್ ಸಾಹೇಬ್ರೆ. ಸ್ಟಾರ್ ಕಾರ್ಯಾಚರಣೆ ನಡೆದ ಜಾಗದಲ್ಲೇ ಇದ್ದೋರಿಗೆ, ಮೆಡಲ್ ಆಗ ಬೇರೆ ಕಡೆ ಸಜ್ಜಾಗಿ ನಿಂತಿದ್ದೋರಿಗೆ. ನೀವು ದ್ರಾಸ್‌ಗೆ ಹೋಗಿ ಬಂದ ಮೂವ್‌ಮೆಂಟ್ ಆರ್ಡರ್, ಅಟ್ಯಾಚ್‌ಮೆಂಟ್ ಮೇಲೆ ಹೋಗಿದ್ರೆ ಆ ಲೆಟರ್, ಏನಿದ್ಯೋ ಅದರ ಕಾಪಿ ಹಾಕಿ ರೆಕಾರ್ಡ್ಸ್‌ಗೆ ಬರೀರಿ. ಅಟ್ಯಾಚ್ ಆಗಿ ಹೋದವರ ಹೆಸರು ಎರಡೂ ಯೂನಿಟ್ ಲಿಸ್ಟಿಂದ ತಪ್ಪಿ ಹೋಗೋದು ನಾನೇ ನೋಡಿದೀನಿ. ಜೊತೆಗಿದ್ದವರ ನಂಬರ್ ಕೊಟ್ರೆ ಇನ್ನೂ ಬೇಗ.

ಪ್ರಶ್ನೆ: ನಾನು ಶಿವಮೊಗ್ಗದವಳು, ಮದುವೆ ಆಗಿ ಅಮೆರಿಕದ ಓಹಾಯೋದಲ್ಲಿದೀನಿ. ನನ್ನ ಗಂಡ ಅಮೆರಿಕದೋರು, ಮಾವ ಅಲ್ಲಿನ ಆರ್ಮಿಲಿ ಇದ್ದು ವಿಯೆಟ್ನಾಮ್‌ಗೆ ಹೋಗಿ 1969ರಲ್ಲಿ ಬಂದೋರು. ಅವರ ಜೊತೆಯವರ ಕಾಗದದಲ್ಲಿರೋ ಒಂದು ಮೆಡಲ್ ಇವರದ್ರಲ್ಲಿಲ್ಲ. 1973ರ ಬೆಂಕಿಲಿ ಫೈಲ್ ಸುಟ್ಟೋಗಿರುತ್ತೆ ಬಿಡು ಅಂತ ಸುಮ್ಮನಿದಾರೆ. ನಾನೇ ಅರ್ಜಿ ಹಾಕಬಹುದಾ?

ಉತ್ತರ: ದೇಶ ಬೇರೆ ಆದ್ರೂ ಕಥೆ ಅದೇ ನೋಡಿ. ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ 1973ರ ಜುಲೈ 12ಕ್ಕೆ ಬೆಂಕಿ ಬಿತ್ತು, ಅದು ನಿಜ, ಆದ್ರೆ ಆರ್ಮಿ ಫೈಲಲ್ಲಿ ಸುಟ್ಟಿದ್ದು 1912ರಿಂದ 1960ರ ಒಳಗೆ ಬಿಡುಗಡೆ ಆದವರದು, ಅದರಲ್ಲಿ ಸುಮಾರು ನೂರಕ್ಕೆ 80. ಮಾವಂದು 69, ಆ ಲೆಕ್ಕಕ್ಕೆ ಬರಲ್ಲ.

ಜೊತೆಯವರ ಕಾಗದದಲ್ಲಿರೋದು ಬಹುಶಃ ವಿಯೆಟ್ನಾಮ್ ಗ್ಯಾಲಂಟ್ರಿ ಕ್ರಾಸ್ ಯೂನಿಟ್ ಸೈಟೇಷನ್ ಇರ್ಬೇಕು. ಅಲ್ಲಿದ್ದ ಆರ್ಮಿ ಯೂನಿಟ್‌ಗಳಿಗೆಲ್ಲಾ ಅದು ಸಲ್ಲುತ್ತೆ ಅಂತ ಆರ್ಮಿ ಜನರಲ್ ಆರ್ಡರ್ ನಂಬರ್ 8 ಬಂದಿದ್ದು 1974ರಲ್ಲಿ. 69ರಲ್ಲಿ ಟೈಪ್ ಮಾಡಿದ ಡಿಡಿ-214ರಲ್ಲಿ, ಅಂದ್ರೆ ಅಲ್ಲಿನ ಡಿಸ್ಚಾರ್ಜ್ ಕಾಗದದಲ್ಲಿ, ಅದು ಹೇಗಿರುತ್ತೆ? ಹಾವೇರಿಯವರ ಬುಕ್ಕಿನ ಹಾಗೇನೇ. 214ನ್ನ ಹೊಸದಾಗಿ ಬರೆಯಲ್ಲ, ಡಿಡಿ-215 ಅಂತ ತಿದ್ದುಪಡಿ ಹಾಳೆ ಕೊಡ್ತಾರೆ, ಎರಡನ್ನೂ ಒಟ್ಟಿಗೆ ಇಟ್ಕೋಬೇಕು. ದಾಖಲೆ ಕೇಳೋ ಎಸ್‌ಎಫ್-180 ಫಾರ್ಮ್ ತುಂಬಿ ಸೇಂಟ್ ಲೂಯಿಸ್‌ಗೆ ಕಳಿಸ್ಲಿ, ಇಂಥವೆಲ್ಲಾ ಸಾಮಾನ್ಯವಾಗಿ ಅಷ್ಟರಲ್ಲೇ ಆಗುತ್ತೆ. ಆಗ್ಲಿಲ್ಲ ಅಂದ್ರೆ ಡಿಡಿ-149 ತುಂಬಿ ಆರ್ಮಿಯ ದಾಖಲೆ ತಿದ್ದುಪಡಿ ಬೋರ್ಡಿಗೆ. ತಪ್ಪು ಗೊತ್ತಾಗಿ ಮೂರು ವರ್ಷದ ಒಳಗೆ ಹಾಕ್ಬೇಕು ಅಂತಿದೆ, ನ್ಯಾಯದ ದೃಷ್ಟಿಯಿಂದ ಅದನ್ನ ಮನ್ನಾ ಮಾಡೋ ಅಧಿಕಾರ ಬೋರ್ಡಿಗಿದೆ, ಅದನ್ನೂ ಫಾರ್ಮಲ್ಲೇ ಕೇಳಿಕೊಳ್ಳಿ.

ಸಹಿ ಮಾವನೇ ಹಾಕ್ಲಿ. ನೀವು ತುಂಬಿ ಕೊಡಿ, ಸಂತೋಷ, ಆದ್ರೆ ಸೊಸೆ ಸಹಿ ನಡೆಯಲ್ಲ. ಮುಂದೆ ಅವರಿಲ್ಲದ ಕಾಲಕ್ಕೂ ಕೇಳೋ ಹಕ್ಕು ಹೆಂಡತಿ, ಮಕ್ಕಳು, ಅಣ್ಣತಮ್ಮ, ಅಕ್ಕತಂಗಿಯರದು, ಅಂದ್ರೆ ನಿಮ್ಮ ಗಂಡಂದು. ಮಾವ ಎದುರಿಗೆ ಇರುವಾಗಲೇ, ಯಾವ ಯೂನಿಟ್ ಯಾವ ತಿಂಗಳು ಅಂತ ನೆನಪಿರುವಾಗಲೇ ಕೂತು ಬರೆಸ್ಕೊಳ್ಳಿ.

ಧಾರವಾಡದ ಓದುಗರಿಗೊಂದು ಮಾತು: ನೀವು ಡಿಸ್ಚಾರ್ಜ್ ಬುಕ್ಕಿನ ಒರಿಜಿನಲ್ಲೇ ನಮಗೆ ಕಳಿಸಿಬಿಟ್ಟಿದ್ದೀರಿ! ನಿನ್ನೆ ಸ್ಪೀಡ್ ಪೋಸ್ಟಲ್ಲಿ ವಾಪಸ್ ಹಾಕಿದೀವಿ. ತಲುಪಿದ ತಕ್ಷಣ ಒಂದು ಕಾರ್ಡ್ ಹಾಕಿ, ಆಮೇಲೆ ಝೆರಾಕ್ಸ್ ಕಳಿಸಿ, ನಾಲ್ಕನೇ ಪುಟದ ನಂಬರ್ ಸರಿಯಾಗಿ ಕಾಣೋ ಹಾಗೆ.